ಹೊಳೆಮಾಯಿಯ ನೂರಾ ಹನ್ನೆರಡು ಸಾವು

ಶುಕ್ರವಾರ ಮಧ್ಯಾಹ್ನ ಮೂರೂಕಾಲಿಗೆ ಹೊಳೆಮಾಯಿ ತೊಂಬತ್ತನಾಲ್ಕನೆಯ ಸಲ ಸತ್ತಳು. ಈ ಬಾರಿ ಅವಳನ್ನು ಉಪ್ಪಿನ ಗಾಣಕ್ಕೆ ಹಾಕಿ ಅರೆದರು. ಹಿಂದಿನ ವಾರ ಹದ್ದುಗಳು ಹರಿದು ತಿಂದಿದ್ದವು. ಅದರ ಹಿಂದಿನ ವಾರ ಹೆತ್ತ ಮಗನೇ ದೋಣಿಯ ಹುಟ್ಟಿನಿಂದ ತಲೆಗೆ ಹೊಡೆದಿದ್ದ. ಮೈಸೂರಿನ ಆ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಆರು ಹಾಸಿಗೆಗಳು. ಐದು ಹಾಸಿಗೆಯವರು ತೋಳಿಗೆ ಸೂಜಿ ಚುಚ್ಚಿಸಿಕೊಂಡು, ರಕ್ತವನ್ನು ಯಂತ್ರಕ್ಕೆ ಒಪ್ಪಿಸಿ, ಗೋಡೆಯ ಮೇಲಿನ ಪರದೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆರನೆಯ ಹಾಸಿಗೆಯ ಕುಮುದಿನಿಯವರು ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು. ಪರದೆಯ ಮೇಲೆ ಚೀರುತ್ತಿದ್ದ ಮುಖ ಅವರದೇ ಆಗಿತ್ತು.

"ಮಾಯಮ್ಮೋರೇ," ಎಂದರು ಮೂರನೆಯ ಹಾಸಿಗೆಯ ಕೆಂಪಾಚಾರಿ, ನಿವೃತ್ತ ಬಸ್ ಕಂಡಕ್ಟರ್. "ಮುಂದಿನ್ ವಾರ ಹೆಂಗ್ ಸಾಯ್ತೀರಿ? ಒಸಿ ಮೊದ್ಲೇ ಹೇಳ್ಬುಡಿ, ನಮ್ ಮನೇಲಿ ಪಂದ್ಯ ಕಟ್ಟವ್ರೆ."

"ನನ್ನ ಕೇಳಿ ಸಾಯಿಸ್ತಾರಾ ಸ್ವಾಮಿ ಅವರು?" ಎಂದರು ಕುಮುದಿನಿ.

ಎಲ್ಲರೂ ನಕ್ಕರು. ಕೆಂಪಾಚಾರಿ ಕೆಟ್ಟ ಮನುಷ್ಯರೇನಲ್ಲ. ಮನೆಯಿಂದ ಕಿತ್ತಳೆ ತಂದರೆ ಕುಮುದಿನಿಯವರಿಗೂ ಒಂದು ತೊಳೆ ಕಳಿಸುವವರು, ಆಮೇಲೆ ತಿನ್ನಬಾರದ್ದು ತಿಂದರೆಂದು ಡಾಕ್ಟರ ಕೈಲಿ ಇಬ್ಬರೂ ಬೈಸಿಕೊಳ್ಳುವವರು. ಆದರೆ ವಾರ್ಡಿನ ಟೆಕ್ನಿಷಿಯನ್ ಇಂಚರಾಗೆ ಆ ನಗು ಕೇಳಿ ಮೈ ಉರಿದುಹೋಯಿತು. ರಿಮೋಟ್ ಎತ್ತಿಕೊಂಡು ಪರದೆ ಆರಿಸಿಯೇಬಿಟ್ಟಳು. ಐದು ಹಾಸಿಗೆಗಳಿಂದ ಒಟ್ಟಿಗೆ ಗಲಾಟೆ ಎದ್ದಿತು, ನರ್ಸ್ ಓಡಿ ಬಂದಳು, ಪರದೆ ಮತ್ತೆ ಹತ್ತಿತು. ಅಷ್ಟರಲ್ಲಿ ಹೊಳೆಮಾಯಿಯ ತಲೆ ಗಾಣದ ಕೆಳಗೆ ಉರುಳಿ ಬಿದ್ದಿತ್ತು.

ಇಂಚರಾಗೆ ನಲವತ್ತೊಂದು ವಯಸ್ಸು. ಕೋಪ ಮೂಗಿನ ತುದಿಯಲ್ಲಿ ಎಂದು ಆಸ್ಪತ್ರೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಆ ಕೋಪಕ್ಕೊಂದು ಕಾರಣವಿತ್ತು ಮತ್ತು ಅದನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ. ಈ ಹಾಳು ಧಾರಾವಾಹಿಯನ್ನು ಮೊದಲು ಕತ್ತರಿಸಿ ಜೋಡಿಸಿದವಳು ಅವಳೇ.

ಅದರ ಕಥೆ ಹೀಗೆ. ಇಪ್ಪತ್ನಾಲ್ಕು ವರ್ಷದ ಹಿಂದೆ 'ಉಪ್ಪಿನ ಸಿಂಹಾಸನ' ಎಂಬ ಮಾಯಾಲೋಕದ ಸಿನಿಮಾ ಮೂರು ಭಾಗಗಳಲ್ಲಿ ಬಂದಿತ್ತು. ಬತ್ತಿದ ಕಡಲು, ಉಪ್ಪಿನಲ್ಲಿ ಕಡೆದ ಕೋಟೆ, ಶಾಪ ಹೊತ್ತ ರಾಜಕುಮಾರರು, ಮತ್ತು ಇವರನ್ನೆಲ್ಲ ದಡ ದಾಟಿಸುವ ಅಂಬಿಗಿತ್ತಿ ಹೊಳೆಮಾಯಿ. ಮೂರನೆಯ ಭಾಗದ ಕೊನೆಯಲ್ಲಿ ಹೊಳೆಮಾಯಿ ಕಡಲಿಗೆ ನೀರು ಮರಳಿಸಲು ತಾನೇ ನೀರಾಗಿ ಕರಗಿಹೋಗುತ್ತಾಳೆ. ಇಂಚರಾ ಪಿಯುಸಿಯಲ್ಲಿದ್ದಾಗ ನೋಡಿ ಎರಡು ದಿನ ಊಟ ಬಿಟ್ಟಿದ್ದಳು. ಚಿತ್ರಗಳಲ್ಲಿ ಹೊಡೆದಾಟ ಜಾಸ್ತಿ, ಮನುಷ್ಯರಿಗೆ ಸಿಕ್ಕ ಹೊತ್ತು ಕಡಿಮೆ ಎಂಬ ಸಿಟ್ಟು ಅವಳಿಗೆ ಅವತ್ತಿನಿಂದಲೂ ಇತ್ತು. ದೊಡ್ಡವಳಾದ ಮೇಲೆ ಮೂರೂ ಚಿತ್ರಗಳನ್ನು, ಡಿಸ್ಕಿನಲ್ಲಿ ಬಂದಿದ್ದ ಬಿಟ್ಟ ದೃಶ್ಯಗಳನ್ನು ಸೇರಿಸಿ, ಮೂರು ವರ್ಷದ ಭಾನುವಾರಗಳನ್ನೆಲ್ಲ ಸುರಿದು, ಹದಿನೇಳು ಕಂತಿನ ಧಾರಾವಾಹಿ ಮಾಡಿದಳು. ಯುದ್ಧಗಳನ್ನು ಮೊಟಕು ಮಾಡಿದಳು. ಹೊಳೆಮಾಯಿ ಸುಮ್ಮನೆ ಕೂತು ಬಲೆ ಹೆಣೆಯುವ ದೃಶ್ಯಕ್ಕೆ ಪೂರಾ ನಾಲ್ಕು ನಿಮಿಷ ಕೊಟ್ಟಳು. ತನ್ನ ಹೆಸರು ಹಾಕದೆ, ಒಂದು ಸುಳ್ಳು ಹೆಸರಿನ ಹಿಂದೆ ಅಡಗಿ, ಅಭಿಮಾನಿಗಳ ನಡುವೆ ಹಂಚಿದಳು. ಅನುಮತಿ ಇಲ್ಲದೆ ಸಿನಿಮಾ ಮುಟ್ಟುವುದು ಆ ಹೊತ್ತಿಗಾಗಲೇ ಜೈಲಿಗೆ ಹೋಗುವ ಅಪರಾಧವಾಗಿತ್ತು.

ಎರಡು ವರ್ಷದ ಹಿಂದೆ 'ಅಕ್ಷಯಪಟ' ಎಂಬ ಕಂಪನಿ ಆ ಹದಿನೇಳು ಕಂತುಗಳನ್ನು ಹಾಗೆಯೇ ಎತ್ತಿಕೊಂಡು ತನ್ನ ಪರದೆಗಳಲ್ಲಿ ಬಿಟ್ಟಿತು. ಮೊದಲ ವಾರ ಇಂಚರಾ ಒಳಗೊಳಗೇ ಹಿಗ್ಗಿದಳು ಎಂಬುದು ನಾಚಿಕೆಯ ಮಾತು, ಆದರೆ ಸುಳ್ಳಲ್ಲ. ಹದಿನೆಂಟನೆಯ ಶುಕ್ರವಾರ ಹದಿನೆಂಟನೆಯ ಕಂತು ಬಂತು. ಅವಳು ಮಾಡದ ಕಂತು, ಯಾರೂ ನಟಿಸದ ಕಂತು. ಕಂಪನಿಯ 'ನೇಕಾರ' ಎಂಬ ಯಂತ್ರ ಹಳೆಯ ಮುಖಗಳನ್ನೂ ದನಿಗಳನ್ನೂ ಎಳೆ ಎಳೆಯಾಗಿ ಬಿಡಿಸಿ ಹೊಸದಾಗಿ ನೇಯ್ದ ಕಂತು. ಕರಗಿಹೋಗಿದ್ದ ಹೊಳೆಮಾಯಿ ಅದರಲ್ಲಿ ಎದ್ದು ಬಂದಳು, ಕೊನೆಗೆ ಮತ್ತೆ ಸತ್ತಳು. ಅವಳು ಸಾಯುವಾಗ ಜನ ಪರದೆ ಬಿಟ್ಟು ಕದಲುವುದಿಲ್ಲ ಎಂಬುದನ್ನು ಯಂತ್ರ ಕಂಡುಕೊಂಡಿತು. ಅಲ್ಲಿಂದ ವಾರಕ್ಕೊಂದು ಸಾವು.

ಪರದೆಯ ಗಲಾಟೆಯಾದ ಆ ದಿನವೇ, ಎಲ್ಲರೂ ಹೊರಟ ಮೇಲೆ, ತೋಳಿನ ಪಟ್ಟಿ ಒತ್ತಿ ಹಿಡಿದು ಕೂತಿದ್ದ ಕುಮುದಿನಿ ಇಂಚರಾಳನ್ನು ಹತ್ತಿರ ಕರೆದರು.

"ನೀನ್ಯಾಕಮ್ಮ ಅಷ್ಟು ಉರ್ಕೊಳ್ತೀಯ? ಸಾಯ್ತಿರೋಳು ನಾನು."

"ನಿಮಗೆ ಕೋಪ ಬರಲ್ವಾ ಮೇಡಂ?"

"ಬರ್ದೆ ಇರುತ್ತಾ? ತರಕಾರಿ ತರೋಕೆ ಹೋದ್ರೆ ಮಕ್ಕಳು ಕತ್ತು ಹಿಡ್ಕೊಂಡು ನನ್ನ ಥರ ಗೊರ್ ಗೊರ್ ಅಂತ ಸತ್ತು ತೋರಿಸ್ತವೆ. ಹೋದ ತಿಂಗಳು ಬಟ್ಟೆ ಬಿಚ್ಚಿ ಸುಟ್ರಲ್ಲ, ಅವತ್ತು ನನ್ನ ತಂಗಿ ಮನೆಯವರು ಫೋನ್ ಮಾಡೋದೇ ಬಿಟ್ರು. ನಾನು ಮಾಡಿಲ್ಲ ಅಂತ ಎಷ್ಟು ಜನಕ್ಕೆ ಹೇಳ್ಕೊಂಡು ತಿರುಗ್ಲಿ?"

ಕೈಚೀಲದಿಂದ ಮಡಿಸಿ ಮಡಿಸಿ ಸವೆದ ಒಂದು ಕರಾರುಪತ್ರ ತೆಗೆದರು. ಒಂದು ಸಾಲಿನ ಕೆಳಗೆ ಗೆರೆ ಎಳೆದಿತ್ತು: ಕಥೆ ಮುಗಿಯುವವರೆಗೆ ಕಲಾವಿದೆಯ ಮುಖ, ದನಿ, ನಡಿಗೆ ನಿರ್ಮಾಪಕರ ವಶದಲ್ಲಿರತಕ್ಕದ್ದು, ಅದಕ್ಕೆ ಮೊದಲು ಕಲಾವಿದೆ ಮರಣ ಹೊಂದಿದಲ್ಲಿ ಶಾಶ್ವತವಾಗಿ ಅವರದಾಗತಕ್ಕದ್ದು.

"ಕಥೆ ಮುಗಿಯೋದು ಅಂದ್ರೆ ಮೂರನೇ ಭಾಗ ಮುಗಿಯೋದು ಅಂದ್ಕೊಂಡೆ. ಯಾರಾದ್ರೂ ಹಾಗೇ ತಾನೆ ಅಂದ್ಕೊಳ್ಳೋದು? ನಿರ್ಮಾಪಕರು ಹೋದ್ರು, ಈ ಅಕ್ಷಯಪಟದವರು ಎಲ್ಲ ಕೊಂಡ್ಕೊಂಡ್ರು. ಹೃದಯಾನೂ ಸರಿಯಿಲ್ಲ ನಂದು. ನಾಲ್ಕೈದು ತಿಂಗಳು ಅಂದಿದ್ದಾರೆ ಡಾಕ್ಟ್ರು. ಅಷ್ಟರಲ್ಲಿ ಕಥೆ ಮುಗೀಲಿಲ್ಲ ಅಂದ್ರೆ ನಾನು ಸತ್ತ ಮೇಲೂ ಶುಕ್ರವಾರ ಶುಕ್ರವಾರ ಸಾಯ್ತಾನೇ ಇರ್ಬೇಕು. ಎಷ್ಟು ವರ್ಷ? ಲೆಕ್ಕ ಇಲ್ಲ."

ಅವರು ಅಳಲಿಲ್ಲ. ಕರಾರನ್ನು ಅದೇ ಮಡಿಕೆಗಳಲ್ಲಿ ಮಡಿಸಿ ಒಳಗಿಟ್ಟರು.

ಮನೆಗೆ ಬಂದರೆ ಅಲ್ಲೂ ಅದೇ. ಅವಳ ತಾಯಿ ಕಮಲಾಕ್ಷಮ್ಮ ಬಟ್ಟಲ ತುಂಬ ಖಾರದ ಮಂಡಕ್ಕಿ ಕಲಸಿಕೊಂಡು ಗಾಣದ ಕಂತನ್ನು ಎರಡನೆಯ ಸಲ ನೋಡುತ್ತಿದ್ದರು. ಗಂಡ ಸತ್ತ ಮೇಲೆ ಆಕೆಗೆ ವಾರ ಎಂದರೆ ಶುಕ್ರವಾರ, ಮಿಕ್ಕ ಆರು ದಿನ ಅದಕ್ಕೆ ಕಾಯುವುದು.

"ಬಾರೇ, ತಲೆ ಬೀಳೋದು ಈಗ ಬರುತ್ತೆ," ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಆ ಹೆಂಗಸು ನನ್ನ ವಾರ್ಡಲ್ಲಿ ಮಲಗಿದ್ದಾರಮ್ಮ. ಜೀವಂತವಾಗಿ."

"ಇರ್ಲಿ ಬಿಡು, ಅವರಿಗೇನು ನಿಜವಾಗ್ಲೂ ನೋವಾಗುತ್ತಾ?" ಎಂದು ಕಮಲಾಕ್ಷಮ್ಮ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. ಇಂಚರಾ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು.

ಮುಂದಿನ ವಾರ ರಜೆ ಹಾಕಿ ಕುಮುದಿನಿಯವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅಕ್ಷಯಪಟದ ಕಚೇರಿಗೆ ಹೋದಳು. ಊರ ಹೊರಗೆ ಕಿಟಕಿಯೇ ಇಲ್ಲದ ಕಟ್ಟಡ. ಒಳಗೆ ನಿಯಂತ್ರಣ ಕೊಠಡಿಯಲ್ಲಿ ಪ್ರಣವ ಎಂಬ ಎಂಜಿನಿಯರ್ ಅವರಿಗೆ ಕಾಫಿ ತರಿಸಿಕೊಟ್ಟ. ಮೂವತ್ತರ ಹುಡುಗ, ಬಲು ವಿನಯ. ಕುಮುದಿನಿಯವರ ಕಾಲು ಮುಟ್ಟಿ ನಮಸ್ಕಾರ ಬೇರೆ ಮಾಡಿದ. ಅವನ ಬೆನ್ನ ಹಿಂದಿನ ದೊಡ್ಡ ಪರದೆಯಲ್ಲಿ ಮುಂದಿನ ಶುಕ್ರವಾರದ ಕಂತು ಅರ್ಧ ನೇಯ್ದು ನಿಂತಿತ್ತು. ಹೊಳೆಮಾಯಿಗೆ ಕೈಗಳಿದ್ದವು, ಮುಖ ಇನ್ನೂ ಬಂದಿರಲಿಲ್ಲ.

"ನಿಲ್ಲಿಸೋದು ನಮ್ಮ ಕೈಲಿಲ್ಲ ಅಮ್ಮ," ಎಂದ ಅವನು. "ಕಾನೂನು ಪ್ರಕಾರಾನೇ ನಡೀತಿದೆ. ಮುಗಿದ ಕಥೆಯನ್ನ ಯಂತ್ರ ಮುಂದುವರಿಸೋ ಹಾಗಿಲ್ಲ. ಮೂರು ಸಿನಿಮಾದ ಕೊನೇಲೂ 'ಶುಭಂ' ಇದೆ, ಅಂದ್ರೆ ಮುಗಿದಿದೆ, ಅದನ್ನ ನಾವು ಮುಟ್ಟೋ ಹಾಗೇ ಇರಲಿಲ್ಲ. ಎಂಟು ವರ್ಷ ಪೆಟ್ಟಿಗೇಲಿ ಬಿದ್ದಿತ್ತು. ಆದ್ರೆ ಯಾರೋ ಅಭಿಮಾನಿ ಮಾಡಿದ ಹದಿನೇಳು ಕಂತು ಸಿಕ್ತು ನೋಡಿ. ವಾರಸುದಾರರಿಲ್ಲದ ಮಾಲು. ಮಾಡಿದವರು ಯಾರು ಅಂತ ಗೊತ್ತಿಲ್ಲದೆ ಇದ್ರೆ ಕೊನೇ ಫಲಕದಲ್ಲಿ ಏನಿದೆಯೋ ಅದೇ ಅಂತಿಮ."

ಅವನು ಒಂದು ಗುಂಡಿ ಒತ್ತಿದ. ಹದಿನೇಳನೆಯ ಕಂತಿನ ಕೊನೆ ಬಂತು. ಹೊಳೆಮಾಯಿ ಕರಗಿದಳು. ಕಡಲು ತುಂಬಿತು. ಪರದೆ ಕಪ್ಪಾಗಿ, ಅದರ ನಡುವೆ ಇಂಚರಾ ತಾನೇ ಕೂತು ಬರೆದ ಬಿಳಿ ಅಕ್ಷರಗಳು ಮೂಡಿದವು: ಮುಂದುವರಿಯುವುದು.

ಅದು ತಮಾಷೆಯಾಗಿತ್ತು. ಮೂರು ಚಿತ್ರಗಳನ್ನು ಒಂದಕ್ಕೊಂದು ಜೋಡಿಸುವಾಗ ಬಾಲದಲ್ಲಿದ್ದ 'ಶುಭಂ' ಫಲಕಗಳನ್ನು ಕತ್ತರಿಸಲೇಬೇಕಿತ್ತು, ಕತ್ತರಿಸಿದ್ದಳು. ಕಂತು ಕಂತಿಗೂ 'ಮುಂದುವರಿಯುವುದು' ಹಾಕಿ ಕೈ ಪಳಗಿತ್ತು. ಕೊನೆಯ ಕಂತಿಗೆ 'ಶುಭಂ' ಬರೆಯಲು ಹೋದಾಗ ಮನಸ್ಸು ಬರಲಿಲ್ಲ. ಇನ್ನೂ ಇರಲಿ, ಗೆಳೆಯರು ನಗಲಿ ಎಂದು ಅಲ್ಲೂ ಅದೇ ಪದ ಹಾಕಿದ್ದಳು. ಅಭಿಮಾನಿಗಳ ಗುಂಪಿನಲ್ಲಿ ನಿಜಕ್ಕೂ ಎಲ್ಲರೂ ನಕ್ಕಿದ್ದರು. ಒಬ್ಬ ಮಾತ್ರ, ಹಾಗಾದರೆ ಮುಂದಿನ ಕಂತು ಯಾವಾಗ ಅಕ್ಕ, ಎಂದು ಕೇಳಿದ್ದ.

"ಯಾರು ಮಾಡಿದ್ದೋ ಏನೋ, ಅದ್ಭುತ ಕೈ," ಎಂದ ಪ್ರಣವ. "ನೇಕಾರ ಪಾಠ ಕಲ್ತಿದ್ದೇ ಅವರಿಂದ. ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ಉಸಿರು ಬಿಡ್ಬೇಕು, ಎಲ್ಲಾ."

ಇಂಚರಾಗೆ ಅವನ ಮುಖಕ್ಕೆ ಕಾಫಿ ಎರಚಬೇಕೆನಿಸಿತು, ಆಮೇಲೆ ತನ್ನ ಮುಖಕ್ಕೆ. ಈ ಹುಡುಗನ ಮೇಲೆ, ಕಿಟಕಿಯಿಲ್ಲದ ಈ ಕಟ್ಟಡದ ಮೇಲೆ, ಒಂದು ಪದವನ್ನು ಹಿಡಿದು ಒಬ್ಬ ಹೆಂಗಸನ್ನು ಅರೆಯಲು ಬಿಡುವ ಕಾನೂನಿನ ಮೇಲೆ, ತನ್ನ ಹಾಳು ತಮಾಷೆಯ ಮೇಲೆ, ಎಲ್ಲದರ ಮೇಲೂ ಅವಳಿಗೆ ಒಟ್ಟಿಗೆ ಸಿಟ್ಟು ಬಂತು. ಯಾವುದರಿಂದ ಶುರು ಮಾಡಬೇಕೆಂದು ತಿಳಿಯದೆ ಗಾಲಿಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಳು.

"ಮಾಡಿದವರು ಬಂದು, ಮುಗಿದಿತ್ತು ಅಂತ ಹೇಳಿದ್ರೆ?" ಎಂದು ಕೇಳಿದಳು.

"ಆಗ ಅವರ ಮಾತೇ ಅಂತಿಮ. ಆದ್ರೆ ಬರಲ್ಲ ಮೇಡಂ. ಬಂದ್ರೆ ಅವರಿಗೆ ಸಜೆ ಗ್ಯಾರಂಟಿ."

ಹೊರಗೆ ಬಂದ ಮೇಲೆ ಬೇವಿನ ಮರದ ನೆರಳಿನಲ್ಲಿ ಗಾಲಿಕುರ್ಚಿ ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಬೈಯಲಿ, ಹೊಡೆಯಲಿ ಎಂದುಕೊಂಡಿದ್ದಳು. ಕುಮುದಿನಿ ಕೇಳಿದ್ದೇ ಬೇರೆ.

"ಬಲೆ ಹೆಣೆಯೋ ದೃಶ್ಯಾನ ಪೂರ್ತಿ ಇಟ್ಟಿದ್ದು ನೀನಾ?"

"ಹೂಂ."

"ಡೈರೆಕ್ಟ್ರು ಅದನ್ನ ಕಿತ್ತು ಬಿಸಾಕಿದ್ರು. ನಾನು ಆ ಇಡೀ ಸಿನಿಮಾದಲ್ಲಿ ನಟಿಸಿದ್ದು ಅಂತ ಇದ್ರೆ ಅದೊಂದೇ." ಅವರ ದನಿ ಗಡುಸಾಯಿತು. "ಅದನ್ನ ಉಳಿಸಿದ್ದಕ್ಕೆ ನಿನಗೆ ಕೈ ಮುಗೀತೀನಿ. ಆ ಒಂದು ಪದಕ್ಕೆ ಮಾತ್ರ ಕ್ಷಮಿಸೋಕೆ ನನ್ನ ಕೈಲಾಗಲ್ಲ ಕಣಮ್ಮ. ಸುಳ್ಳು ಹೇಳಲ್ಲ ನಾನು."

"ಕ್ಷಮಿಸೋದು ಬೇಡ. ಮಂಡಳಿ ಮುಂದೆ ಬನ್ನಿ ನನ್ನ ಜೊತೆ."

ಚಿತ್ರಹಕ್ಕು ಮಂಡಳಿಯಲ್ಲಿ ವಿಚಾರಣೆಗೆ ದಿನ ಸಿಗುವಷ್ಟರಲ್ಲಿ ಹದಿನಾಲ್ಕು ಶುಕ್ರವಾರ ಕಳೆದವು. ಹೊಳೆಮಾಯಿಯನ್ನು ಕುದಿಸಿದರು, ಹೂತರು, ಬಾವಿಗೆ ನೂಕಿದರು, ಜೇನುಹುಳುಗಳಿಗೆ ಒಪ್ಪಿಸಿದರು. ಕುಮುದಿನಿಯವರ ಕಾಲು ಊದತೊಡಗಿತು, ಮಾತಿನ ನಡುವೆ ಏದುಸಿರು ಬರತೊಡಗಿತು.

ವಿಚಾರಣೆಯ ದಿನ ಬೆಳಿಗ್ಗೆ ಮಂಡಳಿಯ ಜಗಲಿಯಲ್ಲಿ ಕಂಪನಿಯ ವಕೀಲರು ಇಂಚರಾಳನ್ನು ಪಕ್ಕಕ್ಕೆ ಕರೆದರು. ಬೆಣ್ಣೆಯಂಥ ಮಾತು.

"ನೀವು ಮಾಡಿದ್ದು ಅಂತಾನೇ ನಾವೂ ಒಪ್ತೀವಿ ಮೇಡಂ. ಕೇಸು ಬೇಡ, ಸಜೆ ಬೇಡ. ಮುಂದುವರಿಸೋಕೆ ನನ್ನ ಒಪ್ಪಿಗೆ ಇದೆ ಅಂತ ಒಂದು ಸಹಿ ಹಾಕಿ. ಮೊದಲ ಕಂತಿನಿಂದ ಪ್ರತಿ ಕಂತಿನಲ್ಲೂ 'ಸಂಕಲನ: ಇಂಚರಾ' ಅಂತ ಪರದೆ ತುಂಬ ಬರುತ್ತೆ. ಕೋಟ್ಯಂತರ ಜನ ನೋಡ್ತಾರೆ."

ಅವಳಿಗೆ ಆಸೆಯಾಗಲಿಲ್ಲ ಎಂದು ಬರೆದರೆ ಕಥೆ ಹೇಳುವವನ ಬಾಯಿಗೆ ಹುಳ ಬೀಳಬೇಕು. ಭಾನುವಾರಗಳನ್ನು ಸುರಿದವರಿಗೆ, ಕದ್ದುಮುಚ್ಚಿ ಮಾಡಿದವರಿಗೆ, ತನ್ನ ಹೆಸರನ್ನು ಒಂದು ಸಲ ಪರದೆಯ ಮೇಲೆ ನೋಡುವ ಆಸೆ ಎಂಥದ್ದೆಂದು ಆ ವಕೀಲರಿಗೆ ಯಾರೋ ಹೇಳಿಕೊಟ್ಟಿದ್ದರು. ಇಂಚರಾಗೆ ಆ ಅಕ್ಷರಗಳು ಒಂದು ಕ್ಷಣ ಕಣ್ಣಿಗೆ ಕಟ್ಟಿದವು. ಅವುಗಳ ಹಿಂದೆ ಏನು ನಡೆಯುತ್ತಿರುತ್ತದೆ ಎಂಬುದೂ ಕಟ್ಟಿತು.

"ನನ್ನ ಹೆಸರು ಹಾಕಿ ಅವರನ್ನ ಕೊಲ್ತೀರಾ?" ಎಂದಳು. "ನಡೀರಿ ಒಳಗೆ."

ಮಂಡಳಿಯ ಅಧ್ಯಕ್ಷೆಗೆ ಮೊದಲು ನಂಬಿಕೆಯೇ ಬರಲಿಲ್ಲ. ಆ ಹದಿನೇಳು ಕಂತು ನಾನೇ ಮಾಡಿದ್ದು ಎಂದು ಜೈಲಾದರೂ ಸರಿ ಎಂಬ ಪ್ರಚಾರದ ಹುಚ್ಚಿನ ಹನ್ನೊಂದು ಮಂದಿ ಆಗಲೇ ಬಂದು ಹೋಗಿದ್ದರಂತೆ. ಇಂಚರಾ ಅಂಜಿಕೊಂಡು ಮೂಲ ಕಡತಗಳನ್ನೆಲ್ಲ ಎಂದೋ ಅಳಿಸಿಹಾಕಿದ್ದಳು. ಸಾಕ್ಷಿ ಏನಿದೆ ಎಂದು ಅಧ್ಯಕ್ಷೆ ಕೇಳಿದರು.

"ಹನ್ನೊಂದನೇ ಕಂತು ಹಾಕಿಸಿ," ಎಂದಳು ಇಂಚರಾ. "ಹೊಳೆಮಾಯಿ ಮಗನನ್ನ ಕಳಿಸಿಕೊಟ್ಟು ದಡದಲ್ಲಿ ನಿಲ್ಲೋ ದೃಶ್ಯ. ಮೂರನೇ ಭಾಗದ ಸಿನಿಮಾದಲ್ಲಿ ಅಲ್ಲಿ ಬರೀ ನಗಾರಿ. ನಾನು ನಗಾರಿ ತೆಗೆದೆ. ತೆಗೆದ ಮೇಲೆ ಏನೂ ಕೇಳಿಸಲ್ಲ, ಹೆಣದ ಥರ ನಿಂತಿದ್ರು. ಅದಕ್ಕೆ ಬೇರೆ ಕಡೆಯಿಂದ ಒಂದು ಉಸಿರು ತಂದು ಅಂಟಿಸಿದೆ. ಒಂದೂವರೆ ಸೆಕೆಂಡ್. ಎಲ್ಲಿಂದ ಅಂತ ಯಾರಿಗೂ ಹೇಳಿಲ್ಲ, ಕುಮುದಿನಿ ಮೇಡಂಗೂ ಹೇಳಿಲ್ಲ."

ದೃಶ್ಯ ಬಂತು. ಹೊಳೆಮಾಯಿ ದಡದಲ್ಲಿ ನಿಂತು ಒಂದು ಉಸಿರೆಳೆದಳು, ಬಿಟ್ಟಳು. ಗಾಲಿಕುರ್ಚಿಯಲ್ಲಿದ್ದ ಕುಮುದಿನಿ ತಲೆ ಎತ್ತಿದರು.

"ಇದು ಮೊದಲನೇ ಭಾಗದ್ದು," ಎಂದರು. "ದೋಣಿಯಿಂದ ಮೇಲೆ ಹತ್ತಿ ಬರ್ತೀನಲ್ಲ, ಅಲ್ಲಿದು. ಅವತ್ತು ನಂಗೆ ನೆಗಡಿ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡ್ತಿದ್ದೆ. ಮೂರನೇ ಭಾಗ ತೆಗೆಯೋವಾಗ ನಾನು ಗಟ್ಟಿಮುಟ್ಟಾಗಿದ್ದೆ."

"ಹೌದು. ದೋಣಿಯಿಂದ ಹತ್ತಿ ಬರೋ ದೃಶ್ಯ," ಎಂದಳು ಇಂಚರಾ.

ನೇಕಾರನಲ್ಲೇ ಹಾಕಿ ನೋಡಿ ಎಂದು ಅಧ್ಯಕ್ಷೆ ಆದೇಶಿಸಿದರು. ಕಂಪನಿಯ ಪರವಾಗಿ ಬಂದಿದ್ದ ಪ್ರಣವ ಎರಡೂ ಉಸಿರುಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿದ. ಎರಡೂ ಒಂದೇ. ಅವನು ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಇನ್ನೊಂದಷ್ಟು ಹುಡುಕಿದ, ಹುಡುಕುತ್ತ ಅವನ ಮುಖ ಸಪ್ಪಗಾಯಿತು. ವಕೀಲರು ಕಣ್ಣು ಕೆಂಪಗೆ ಮಾಡಿ ನೋಡುತ್ತಿದ್ದರೂ ಎದ್ದು ನಿಂತು ಹೇಳಿದ. ದುಃಖದ ಉಸಿರು ಎಂದರೆ ಹೀಗೆ ಎಂದು ಯಂತ್ರ ಆ ಒಂದೂವರೆ ಸೆಕೆಂಡಿನಿಂದಲೇ ಕಲಿತಿತ್ತು. ನೂರಾ ಎಂಟು ಸಾವುಗಳಲ್ಲೂ ಕೊನೆಯುಸಿರಾಗಿ ಬಂದದ್ದು ಆ ನೆಗಡಿಯ ಉಸಿರೇ.

ಕುಮುದಿನಿ ನಗತೊಡಗಿದರು. ನಗು ಕೆಮ್ಮಾಯಿತು. ಯಾರೋ ನೀರು ತಂದರು, ಅವರು ಅದನ್ನು ದೂಡಿದರು.

"ಬೆಂಕೀಲಿ ಸುಟ್ರೂ ನೆಗಡಿ, ಗಾಣಕ್ಕೆ ಹಾಕಿದ್ರೂ ನೆಗಡಿ," ಎಂದರು. "ಸಾವು ಅಂದ್ರೇನು ಅಂತ ನಿಮ್ಮ ಯಂತ್ರಕ್ಕೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನನಗೆ ಗೊತ್ತಾಗೋ ದಿನ ಹತ್ತಿರ ಬಂದಿದೆ. ಆ ಒಂದನ್ನಾದ್ರೂ ನನಗೆ ಬಿಟ್ಬಿಡಿ."

ಅಧ್ಯಕ್ಷೆ ಇಂಚರಾಳತ್ತ ತಿರುಗಿ, ನೀವು ಮಾಡಿದ ಕಥೆ ಹದಿನೇಳಕ್ಕೆ ಮುಗಿದಿತ್ತೇ ಎಂದು ಕೇಳಿದರು. ಮುಗಿದಿತ್ತು ಎಂದಳು ಅವಳು. ಕೈಬರಹದಲ್ಲಿ ಬರೆದು ಸಹಿ ಹಾಕಿದಳು. ತೀರ್ಪು ಬರಲು ನಾಲ್ಕು ವಾರ ಹಿಡಿಯಿತು, ಆ ನಾಲ್ಕು ವಾರವೂ ಕಂಪನಿ ಬಿಡದೆ ಕೊಂದಿತು. ನೂರಾ ಹನ್ನೆರಡನೆಯ ಸಾವಿಗೆ ಧಾರಾವಾಹಿ ನಿಂತಿತು. ಹದಿನೆಂಟರಿಂದ ಮುಂದಿನ ಕಂತುಗಳನ್ನೆಲ್ಲ ಅಳಿಸಬೇಕು, ಕುಮುದಿನಿಯವರ ಮುಖ ಇನ್ನು ಮೇಲೆ ಅವರದೊಬ್ಬರದೇ, ಅವರ ಬರಹದ ಒಪ್ಪಿಗೆ ಇಲ್ಲದೆ ಯಾರೂ ಯಾವ ಪರದೆಯಲ್ಲೂ ತೋರಿಸುವಂತಿಲ್ಲ ಎಂದಿತು ತೀರ್ಪು. ಅದರ ಕೆಳಗಿನ ಪುಟದಲ್ಲಿ ಇಂಚರಾಗೆ ಮೂರು ತಿಂಗಳ ಸಜೆ ಬರೆದಿತ್ತು. ನೂರಾ ಹನ್ನೆರಡು ಸಲ ಕೊಂದವರಿಗೆ ಏನೂ ಬರೆದಿರಲಿಲ್ಲ. ಅವಳು ಆ ಕಾಗದವನ್ನು ಮೂರು ಸಲ ಓದಿ ಹಲ್ಲು ಕಡಿದಳು.

ಮುಂದಿನ ಶುಕ್ರವಾರ ವಾರ್ಡಿನ ಪರದೆಯಲ್ಲಿ ಅಡುಗೆ ಕಾರ್ಯಕ್ರಮ ಬಂತು. ಉಪ್ಪು ತಿನ್ನಬಾರದ ಐದು ಮಂದಿ ಉಪ್ಪಿನಕಾಯಿ ಹಾಕುವುದನ್ನು ನೋಡುತ್ತ ಗೊಣಗಿದರು. ಕೆಂಪಾಚಾರಿ ಎರಡು ವಾರ ಕುಮುದಿನಿಯವರ ಹತ್ತಿರ ಮಾತು ಬಿಟ್ಟರು. ಮನೆಯಲ್ಲಿ ಕಮಲಾಕ್ಷಮ್ಮನೂ ಹಾಗೆಯೇ.

"ಊರಿಗೆಲ್ಲ ಇಲ್ಲದ ಉಸಾಬರಿ ನಿಂಗೊಬ್ಬಳಿಗೆ ಬೇಕಿತ್ತಾ? ಜೈಲಿಗೂ ಹೋಗ್ತೀಯ, ನಂಗೆ ಇದ್ದ ಒಂದು ಶುಕ್ರವಾರಾನೂ ಕಿತ್ಕೊಂಡೆ," ಎಂದಿದ್ದೇ ಕೊನೆ, ಆಮೇಲೆ ತಟ್ಟೆಯನ್ನು ಅವಳ ಮುಂದೆ ಕುಕ್ಕಿ ಹೋಗುವುದೇ ಮಾತಾಯಿತು.

ಸಜೆ ಶುರುವಾಗಲು ಆರು ದಿನ ಇರುವಾಗ, ಒಂದು ಬುಧವಾರ, ಕುಮುದಿನಿಯವರು ಡಯಾಲಿಸಿಸ್ಸಿಗೆ ಬರಲಿಲ್ಲ. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದರು. ಇಂಚರಾ ಮಣ್ಣು ಮುಗಿಸಿಕೊಂಡು ಮನೆಗೆ ಬಂದು ತಲೆಗೆ ನೀರು ಹುಯ್ದುಕೊಂಡು ಹೊರಗೆ ಬಂದಾಗ ಟಿವಿಯಲ್ಲಿ ಸುದ್ದಿ ಬರುತ್ತಿತ್ತು. ಹಿರಿಯ ನಟಿ ನಿಧನ ಎಂಬ ಅಕ್ಷರಗಳ ಪಕ್ಕದಲ್ಲಿ, ಫೋಟೊ ಇರಬೇಕಾದ ಕಡೆ, ಬೂದು ಬಣ್ಣದ ಒಂದು ಚೌಕ. ತೋರಿಸಲು ಯಾರಿಗೂ ಒಪ್ಪಿಗೆ ಇರಲಿಲ್ಲ, ಕೊಡುವವರೂ ಇನ್ನಿರಲಿಲ್ಲ.

"ಯಾರೇ ಅದು ಸತ್ತಿದ್ದು? ಮುಖಾನೇ ಹಾಕಿಲ್ಲ," ಎಂದರು ಕಮಲಾಕ್ಷಮ್ಮ, ಎಷ್ಟೋ ದಿನದ ಮೇಲೆ ಮಾತಾಡಿ.

"ಹೊಳೆಮಾಯಿ."

"ಮತ್ತೆ ಶುರುವಾಯ್ತಾ?"

"ಇಲ್ಲಮ್ಮ. ನಿಜವಾಗ್ಲೂ."

ಕಮಲಾಕ್ಷಮ್ಮ ಆ ಬೂದು ಚೌಕವನ್ನು ನೋಡುತ್ತ ಕೂತರು. ಸುದ್ದಿ ಮುಂದೆ ಹೋಗಿ ಹವಾಮಾನ ಬಂತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ಅಷ್ಟು ಸಲ ಸತ್ತಾಗ ನಂಗೇನೂ ಅನ್ನಿಸ್ಲೇ ಇಲ್ಲ ಕಣೆ," ಎಂದರು.

"ಅನ್ನಿಸಬಾರದು ಅಂತಾನೇ ಅಷ್ಟು ಸಲ ಸಾಯಿಸಿದ್ದು," ಎಂದಳು ಇಂಚರಾ. ಅವಳ ದನಿಯಲ್ಲಿ ಸಿಟ್ಟು ಹಾಗೇ ಇತ್ತು. ತಾಯಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.